ಮಾವ ಒಂದು ಒಲೆ, ಅತ್ತೆ ಇನ್ನೊಂದು ಒಲೆ. ನಮ್ಮದು ಎಷ್ಟು ಕುಟುಂಬ?

ಕಬ್ಬಿನಗದ್ದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ವಯಸ್ಸು 39. ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರ ಎಂ.ಎ. ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಮಗ ಎಂಟನೇ ಕ್ಲಾಸು. ರಾತ್ರಿ ಇಬ್ಬರೂ ಒಂದೇ ದೀಪದ ಕೆಳಗೆ ಓದಲು ಕೂರುತ್ತೇವೆ. ಮೊದಲು ತೂಕಡಿಸುವುದು ನಾನೇ.

ಪ್ರಾಜೆಕ್ಟಿಗೆ ಕೊಟ್ಟಿರುವ ವಿಷಯ: ಸಾಮಾಜಿಕ ಸಂಸ್ಥೆಯಾಗಿ ಕುಟುಂಬ. ನಮ್ಮೂರಿನ 30 ಮನೆ ಸರ್ವೆ ಮಾಡಿ, ಎಷ್ಟು ಅವಿಭಕ್ತ, ಎಷ್ಟು ವಿಭಕ್ತ ಅಂತ ಟೇಬಲ್ ಹಾಕಬೇಕು. ಇದೇನು ಮಹಾ ಕೆಲಸ ಅಂದುಕೊಂಡೆ. ಊರಿನ ಪ್ರತಿ ಮನೆಯ ವಿವರ ನನ್ನ ರಿಜಿಸ್ಟರಿನಲ್ಲೇ ಇದೆ. ಯಾರ ಮನೆಯಲ್ಲಿ ಬಸುರಿ, ಯಾರ ಮನೆಯಲ್ಲಿ ಆರು ತಿಂಗಳ ಕೂಸು, ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೊದಲು ಕೈ ಕುದುರಲಿ ಅಂತ ನಮ್ಮ ಮನೆಯದೇ ಫಾರಂ ತುಂಬಲು ಕೂತೆ. ಅಲ್ಲೇ ಸಿಕ್ಕಿಹಾಕಿಕೊಂಡೆ.

ನಮ್ಮದು ಹಳೇ ತೊಟ್ಟಿಮನೆ. ಮಾವ, ಅತ್ತೆ ಇಬ್ಬರೂ ಗಟ್ಟಿಯಾಗಿದ್ದಾರೆ. ಮೂರು ಜನ ಗಂಡುಮಕ್ಕಳು. ದೊಡ್ಡವರು ಭಾವ. ಅವರಿಗೆ ಒಬ್ಬ ಮಗಳು, ಒಬ್ಬ ಮಗ. ಎರಡನೆಯವರು ನಮ್ಮನೆಯವರು. ನಮಗೆ ಒಬ್ಬನೇ ಮಗ. ಮೂರನೆಯವನು ಮೈದುನ. ಪೀಣ್ಯದಲ್ಲಿ ಕೆಲಸ, ಹೆಂಡತಿ ಮಗಳ ಜೊತೆ ಲಗ್ಗೆರೆಯಲ್ಲಿ ಬಾಡಿಗೆ ಮನೆ. ಒಟ್ಟು 12 ಜನ.

ಮೊದಲು ಒಂದೇ ಒಲೆ ಇತ್ತು. 2014ರಲ್ಲಿ ನಾನು ಅಂಗನವಾಡಿಗೆ ಸೇರಿದೆ. ಬೆಳಿಗ್ಗೆ ನಾನು ಹೊರಟರೆ ಅಡಿಗೆ ಪೂರ್ತಿ ಅಕ್ಕನ ಮೇಲೆ ಬೀಳುತ್ತಿತ್ತು. ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಎರಡು ವರ್ಷ ಅವರು ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇರೋದು ಜಾಸ್ತಿ ಕೇಳಿಸುತ್ತೆ, ಅಲ್ವಾ? ಪಾತ್ರೆ ಇಡುವ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತಿತ್ತು. ಒಂದು ಯುಗಾದಿ ಕಳೆದ ಮೇಲೆ ಮಾವ ಜಗಲಿ ಮೇಲೆ ಕೂತು ತೀರ್ಮಾನ ಹೇಳಿದರು. "ಒಲೆ ಬೇರೆ ಮಾಡ್ಕಳಿ. ನಾನು ದೊಡ್ಡೋನ ಹತ್ರ ಉಣ್ತೀನಿ. ಅವಳು ಎರಡನೇವನ ಹತ್ರ ಉಣ್ಲಿ." ಅಷ್ಟೇ. ಕೊಟ್ಟಿಗೆ ಪಕ್ಕ ಶೀಟು ಹಾಕಿ ನಮಗೊಂದು ಅಡಿಗೆಮನೆ ಆಯಿತು.

ಬೇರೆ ಆಗಿದ್ದು ಒಲೆ ಮಾತ್ರ. ಜಮೀನು 3 ಎಕರೆ 20 ಗುಂಟೆ, ಪಹಣಿ ಇವತ್ತಿಗೂ ಮಾವನ ಹೆಸರಲ್ಲಿ. ಕಬ್ಬಿನ ದುಡ್ಡು ಭಾವನ ಅಕೌಂಟಿಗೆ ಬರುತ್ತೆ. ಡೇರಿ ಪುಸ್ತಕ ಅತ್ತೆಯದು. ರೇಷನ್ ಕಾರ್ಡು ಒಂದೇ, ಅದರಲ್ಲಿ ಅತ್ತೆಯೇ ಯಜಮಾನಿ. ಬಂದ ಅಕ್ಕಿಯನ್ನು ಅವರೇ ಸೇರಿನಲ್ಲಿ ಅಳೆದು ಎರಡು ಒಲೆಗೂ ಹಂಚುತ್ತಾರೆ. ಗೃಹಲಕ್ಷ್ಮಿಯ 2000 ರೂಪಾಯಿಯೂ ಅವರಿಗೇ. ಅಕ್ಕ ಬೇರೆ ಕಾರ್ಡು ಮಾಡಿಸಬೇಕು ಅಂತಿದ್ದಾರೆ. ಅದನ್ನು ಇಲ್ಲಿ ಬರೆದರೆ ಇವತ್ತು ಮುಗಿಯಲ್ಲ.

ಜನಗಣತಿಯ ಲೆಕ್ಕದಲ್ಲಿ, ಒಟ್ಟಿಗೆ ವಾಸ ಮಾಡಿಕೊಂಡು ಒಂದೇ ಅಡಿಗೆಮನೆಯ ಊಟ ಮಾಡುವವರು ಒಂದು ಕುಟುಂಬ. ಪಾಠದಲ್ಲೂ ಹಾಗೇ ಇದೆ. ಹಾಗೆ ಬರೆದರೆ ನಮ್ಮ ಮಾವ ಒಂದು ಕುಟುಂಬ, ಅತ್ತೆ ಇನ್ನೊಂದು! ಇಬ್ಬರೂ ಮಲಗುವುದು ಒಂದೇ ಪಡಸಾಲೆಯಲ್ಲಿ. ಮದುವೆಯಾಗಿ 50 ವರ್ಷ ದಾಟಿದೆ. ಫಾರಂ ಓದಿ ಹೇಳಿದೆ. ಮಾವ ಕೇಳಿದರು, "ಈ ವಯಸ್ಸಲ್ಲಿ ನಂಗೂ ಅವಳಿಗೂ ಡೈವರ್ಸ್ ಮಾಡಿಸ್ದೇನವ್ವಾ?"

ಗೈಡ್ ಸರ್‌ಗೆ ಫೋನ್ ಮಾಡಿದೆ. "ಜಾಸ್ತಿ ತಲೆ ಕೆಡಿಸ್ಕೋಬೇಡಿ, ವಿಭಕ್ತ ಅಂತ ಟಿಕ್ ಹಾಕಿ" ಅಂದರು. ಟಿಕ್ ಹಾಕಲು ಕೈ ಬರುತ್ತಿಲ್ಲ. ನಮ್ಮದು ಒಂದು ಕುಟುಂಬವೋ, ಎರಡೋ, ಮೂರೋ? ಇನ್ನೊಂದು ದಡ್ಡ ಪ್ರಶ್ನೆ: ಕುಟುಂಬವನ್ನು ಸಂಸ್ಥೆ ಅಂತ ಯಾಕೆ ಕರೆಯುತ್ತಾರೆ? ನಮ್ಮನೆಯವರು ಕೇಳುತ್ತಾರೆ, "ಸಂಸ್ಥೆ ಅಂದ್ರೆ ರಿಜಿಸ್ಟ್ರೇಷನ್ ಆಗಿರ್ಬೇಕಲ್ವಾ, ಹಾಲಿನ ಸೊಸೈಟಿ ಥರ?" ನನ್ನ ಹತ್ತಿರ ಉತ್ತರ ಇರಲಿಲ್ಲ.

---

ಹಳೇ ಮೇಷ್ಟ್ರು ಬರೆದದ್ದು:

ತಾಯೀ, ನಾನು ತುಮಕೂರಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. 31 ವರ್ಷ ಇದೇ ಅಧ್ಯಾಯ ಹೇಳಿಕೊಟ್ಟಿದ್ದೇನೆ. ಒಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಲೆ ಎಣಿಸಿಕೊಂಡು ಬಂದು ಹೀಗೆ ಕೇಳಿರಲಿಲ್ಲ. ಟಿಕ್ ಹಾಕಬೇಡಿ.

ಮೊದಲು ನಿಮ್ಮ ಯಜಮಾನರ ಪ್ರಶ್ನೆ. ಸಂಸ್ಥೆ ಅನ್ನುವ ಪದವೇ ಎಡವಟ್ಟು. ಕೇಳಿದ ಕೂಡಲೇ ಬೋರ್ಡು, ಅಧ್ಯಕ್ಷರು, ಸೀಲು ಕಣ್ಣಿಗೆ ಬರುತ್ತವೆ. ಸಮಾಜಶಾಸ್ತ್ರದಲ್ಲಿ ಸಂಸ್ಥೆ ಅಂದರೆ ಜನ ಅಲ್ಲ, ಕಟ್ಟಡ ಅಲ್ಲ, ನಡಾವಳಿ. ಯಾರು ಯಾರಿಗೆ ಏನು ಮಾಡಬೇಕು ಎಂದು ಎಲ್ಲರಿಗೂ ಮೊದಲೇ ಗೊತ್ತಿರುವ ಕಟ್ಟುಪಾಡು. ನಿಮ್ಮ ಮಾವ ಜಗಲಿ ಮೇಲೆ ಕೂತು ಹೇಳಿದ್ದನ್ನೇ ನೋಡಿ. ತಂದೆಯನ್ನು ದೊಡ್ಡ ಮಗ ನೋಡಿಕೊಳ್ಳುವುದು, ತಾಯಿಯನ್ನು ಇನ್ನೊಬ್ಬ ಮಗ ನೋಡಿಕೊಳ್ಳುವುದು. ಅದನ್ನು ಕೇಳಿ ಊರಲ್ಲಿ ಯಾರಾದರೂ ಹುಬ್ಬೇರಿಸಿದರಾ? ಇಲ್ಲ. ಮಗಳ ಮನೆಗೆ ಊಟಕ್ಕೆ ಹೋಗುತ್ತೇನೆ ಅಂದಿದ್ದರೆ ಇಡೀ ಊರು ಮಾತಾಡುತ್ತಿತ್ತು. ಊರಿನವರು ಯಾವುದಕ್ಕೆ ಮಾತಾಡುತ್ತಾರೆ, ಯಾವುದಕ್ಕೆ ಸುಮ್ಮನಿರುತ್ತಾರೆ, ಅಲ್ಲಿ ಹುಡುಕಿ ಸಂಸ್ಥೆಯನ್ನು. ಅದಕ್ಕೆ ರಿಜಿಸ್ಟ್ರೇಷನ್ ಬೇಕಿಲ್ಲ.

ಈಗ ಎಷ್ಟು ಕುಟುಂಬ ಅನ್ನುವುದು. ಪುಣೆಯ ಇರಾವತಿ ಕರ್ವೆ ಭಾರತದ ಬಂಧುತ್ವದ ಬಗ್ಗೆ 1953ರಲ್ಲಿ ಬರೆದಾಗ ಅವಿಭಕ್ತ ಕುಟುಂಬಕ್ಕೆ ಐದು ಗುರುತು ಹೇಳಿದರು. ಸಾಮಾನ್ಯವಾಗಿ ಒಂದೇ ಸೂರಿನ ಕೆಳಗೆ ಇರಬೇಕು, ಒಂದೇ ಒಲೆಯ ಊಟ ಆಗಬೇಕು, ಆಸ್ತಿ ಒಟ್ಟಿಗಿರಬೇಕು, ಪೂಜೆ ಒಟ್ಟಿಗೆ ನಡೆಯಬೇಕು, ಪರಸ್ಪರ ರಕ್ತಸಂಬಂಧ ಇರಬೇಕು. ಈ ಐದನ್ನೂ ನಿಮ್ಮ ಮನೆಗೆ ಹಚ್ಚಿ ನೋಡಿ. ಒಲೆ ಬಿಟ್ಟರೆ ಉಳಿದಿದ್ದು ಹೆಚ್ಚು ಕಡಿಮೆ ಉಂಟು. ಪೂಜೆಯ ವಿಚಾರ ನೀವು ಬರೆದಿಲ್ಲ. ಪಿತೃಪಕ್ಷದಲ್ಲಿ ಎಡೆ ಎಲ್ಲಿ ಇಡುತ್ತೀರಿ? ಅದನ್ನು ತಿಳಿಸಿ.

ಕರ್ವೆ ಅವರ ಪಟ್ಟಿ ಸಾಲದು ಅಂತ ಅನ್ನಿಸಿದ್ದು ಐ.ಪಿ. ದೇಸಾಯಿ ಅವರಿಗೆ. ಅವರು ಗುಜರಾತಿನ ಮಹುವಾ ಎಂಬ ಊರಿನ ಕುಟುಂಬಗಳನ್ನು ಅಧ್ಯಯನ ಮಾಡಿದವರು. ಪುಸ್ತಕ ಬಂದದ್ದು 1964ರಲ್ಲಿ. ಗಂಡ ಹೆಂಡತಿ ಮಕ್ಕಳು ಅಷ್ಟೇ ಒಂದು ಮನೆಯಲ್ಲಿದ್ದ ಮಾತ್ರಕ್ಕೆ ಅದು ಬಿಡಿ ಕುಟುಂಬ ಆಗಿಬಿಡುವುದಿಲ್ಲ ಎಂದರು. ದುಡ್ಡು, ಆಸ್ತಿ, ಕಷ್ಟಸುಖದ ಹೊಣೆ ಯಾರ ಯಾರ ನಡುವೆ ಓಡಾಡುತ್ತಿದೆ ನೋಡಿ ಎಂದರು. ಅವರಿಗೆ ಅವಿಭಕ್ತ ಅನ್ನುವುದು ಹೌದು ಅಲ್ಲ ಎಂಬ ಪ್ರಶ್ನೆ ಅಲ್ಲ. ಎಷ್ಟು ಮಟ್ಟಿಗೆ ಅನ್ನುವ ಪ್ರಶ್ನೆ. ಆ ಲೆಕ್ಕದಲ್ಲಿ ಲಗ್ಗೆರೆಯ ನಿಮ್ಮ ಮೈದುನನೂ ತೊಟ್ಟಿಮನೆಯ ಒಳಗೇ ಇರಬಹುದು. ಎ.ಎಂ. ಷಾ ಇನ್ನೂ ಚೊಕ್ಕ ಮಾಡಿದರು. ಒಟ್ಟಿಗೆ ಬದುಕು ನಡೆಸುವ ಮನೆ ಬೇರೆ, ಕುಟುಂಬ ಬೇರೆ, ಎರಡನ್ನೂ ಒಂದೇ ಹೆಸರಲ್ಲಿ ಕರೆದು ಗೊಂದಲ ಮಾಡಿಕೊಳ್ಳಬೇಡಿ ಎಂದರು. ಒಂದು ಕುಟುಂಬ ಎರಡು ಮೂರು ಮನೆಗಳಲ್ಲಿ ಹರಡಿರಬಹುದು.

ಟೇಬಲ್ ಹಾಕುವ ಮೊದಲು ಒಂದು ಎಚ್ಚರಿಕೆ. "ಹಿಂದೆ ಎಲ್ಲರೂ ಅವಿಭಕ್ತ, ಈಗ ಎಲ್ಲ ಒಡೆದುಹೋಗಿದೆ" ಅಂತ ಮುನ್ನುಡಿ ಬರೆದುಬಿಡಬೇಡಿ. ಎಲ್ಲರೂ ಬರೆಯುತ್ತಾರೆ. ಇಂಗ್ಲೆಂಡಿನಲ್ಲೂ ಹಾಗೇ ನಂಬಿದ್ದರು. ಪೀಟರ್ ಲ್ಯಾಸ್ಲೆಟ್ ಅನ್ನುವವರು ಹಳೇ ಚರ್ಚಿನ ಪಟ್ಟಿ, ಊರಿನ ಪಟ್ಟಿ ತೆಗೆದು ನೋಡಿದರೆ ಕಾರ್ಖಾನೆ ಬರುವ ಮೊದಲೂ ಅಲ್ಲಿ ಮನೆಗೆ ಸರಾಸರಿ 4.75 ಜನ ಅಷ್ಟೇ. ನಮ್ಮಲ್ಲಿ ಇನ್ನೊಂದು ಕಾರಣ ಸೇರಿಸಿ. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಸರಾಸರಿ ಆಯಸ್ಸು ಸುಮಾರು 32 ವರ್ಷ. ಎಳೆಯ ಮಕ್ಕಳು ಸಾಯುತ್ತಿದ್ದುದರಿಂದ ಸರಾಸರಿ ಅಷ್ಟು ಕೆಳಗಿತ್ತು, ನಿಜ. ಆದರೂ ಮೂರು ಮದುವೆಯಾದ ಮಕ್ಕಳ ಮಧ್ಯೆ ಅಜ್ಜ ಅಜ್ಜಿ ಇಬ್ಬರೂ 50 ವರ್ಷದ ದಾಂಪತ್ಯ ದಾಟಿ ಕೂತಿರುವ ಮನೆ ಆಗ ಎಷ್ಟಿದ್ದವು? ನಿಮ್ಮ ಮನೆಯಂಥ ಮನೆ ಹಳೇ ಕಾಲದ ಉಳಿಕೆ ಅಂತ ತೋರುತ್ತದೆ. ಅದಕ್ಕೆ ಬೇಕಾದ ಆಯಸ್ಸು ಮಾತ್ರ ಹೊಸ ಕಾಲದ್ದು.

ಸ್ವಂತ ಮನೆಯನ್ನೇ ಅಧ್ಯಯನ ಮಾಡಬಹುದಾ ಅಂತ ಅಳುಕಬೇಡಿ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಬೊಂಬಾಯಿಯಲ್ಲಿ ಘುರ್ಯೆ ಅವರ ಹತ್ತಿರ ಎಂ.ಎ.ಗೆ ಬರೆದದ್ದು ಮೈಸೂರಿನ ಮದುವೆ ಮತ್ತು ಕುಟುಂಬದ ಮೇಲೆ. 1942ರಲ್ಲಿ ಅದೇ ಅವರ ಮೊದಲ ಪುಸ್ತಕ ಆಯಿತು. 1948ರಲ್ಲಿ ಹಳ್ಳಿಯಲ್ಲಿ ಕೂತು ಅಧ್ಯಯನ ಮಾಡಲು ಹೊರಟಾಗಲೂ ತಮ್ಮ ಹಿರಿಯರ ಊರಿನ ಸುತ್ತಮುತ್ತಲಲ್ಲೇ ಒಂದು ಹಳ್ಳಿ ಹುಡುಕಿಕೊಂಡರು.

---

ಗುತ್ತಿನ ಮೊಮ್ಮಗಳು ಬರೆದದ್ದು:

ನಾನು ಬೆಳ್ತಂಗಡಿ ಕಡೆಯವಳು, ಬಂಟರು. ನಿಮ್ಮ ಪ್ರಶ್ನೆ ಓದಿ ನಗು ಬಂತು. ನಮ್ಮಲ್ಲಿ ಕುಟುಂಬ ಅನ್ನುವ ಪದಕ್ಕೇ ಬೇರೆ ಅರ್ಥ. ಅಳಿಯಸಂತಾನದ ಲೆಕ್ಕದಲ್ಲಿ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಯಲ್ಲಿ, ನಾನು, ನನ್ನ ತಮ್ಮ, ಅಮ್ಮ, ಅಮ್ಮನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಅಜ್ಜಿ, ಇವರೆಲ್ಲ ಒಂದು ಕುಟುಂಬ. ಮಾವಂದಿರ ಮಕ್ಕಳು ಇದರಲ್ಲಿ ಇಲ್ಲ, ಅವರು ಅವರಮ್ಮನ ಕುಟುಂಬದವರು. ನನ್ನ ಅಪ್ಪನೂ ಇಲ್ಲ! ಅವರು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಚಿಕ್ಕವಳಿದ್ದಾಗ ಇದನ್ನು ಕೇಳಿ ಅತ್ತಿದ್ದೆನಂತೆ. ಅಪ್ಪ ದಿನಾ ನಮ್ಮ ಜೊತೆ ಊಟ ಮಾಡುತ್ತಾರೆ, ಶಾಲೆಗೆ ಬಿಡುತ್ತಾರೆ, ಆದರೂ ಕುಟುಂಬದವರಲ್ಲ.

ಇದು ಬರೀ ಮನೆಮಾತಲ್ಲ, ಕಾನೂನಿನಲ್ಲೂ ಇತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ 'ಕುಟುಂಬ' ಅನ್ನುವ ನಮ್ಮ ಪದವನ್ನೇ ಹಾಗೇ ಇಟ್ಟುಕೊಂಡಿದ್ದಾರೆ. ಅದರೊಳಗಿನ ಕವಲಿಗೆ 'ಕವರು' ಎಂಬ ಪದವೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ದಾರಿ ಬದಲಾಯಿತು. ಈಗ ಅಪ್ಪನ ಆಸ್ತಿ ನಮಗೇ. ಆದರೆ ಬಳಿ, ಅಂದರೆ ಗೋತ್ರದ ಥರ ನಮ್ಮ ವಂಶದ ಗುರುತು, ಇವತ್ತಿಗೂ ಅಮ್ಮನ ಕಡೆಯಿಂದ. ಒಂದೇ ಬಳಿಯವರು ಮದುವೆ ಆಗುವ ಹಾಗಿಲ್ಲ. ವರ್ಷಕ್ಕೊಮ್ಮೆ ದೈವಗಳಿಗೆ ತಂಬಿಲ ಕೊಡುವಾಗ ಎಲ್ಲರೂ ಸೇರುವುದು ಕುಟುಂಬದ ಮನೆಯಲ್ಲಿ. ಆ ಮನೆಯಲ್ಲಿ ಈಗ ದಿನವೂ ಒಲೆ ಹಚ್ಚುವವರು ಇಬ್ಬರೇ. ತಂಬಿಲದ ದಿನ ನೂರು ದಾಟುತ್ತೇವೆ. ಜನಗಣತಿಯವರು ಬಂದರೆ ಇಬ್ಬರನ್ನು ಬರೆದುಕೊಂಡು ಹೋಗುತ್ತಾರೆ.

ಅಕ್ಕಾ, ನಿಮ್ಮ 12ರ ಲೆಕ್ಕದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಬೇರೆ. ನಿಮಗೆ ನಾದಿನಿ ಇಲ್ಲವಾ? ಇದ್ದರೆ ಅವರನ್ನು ಯಾಕೆ ಬರೆಯಲಿಲ್ಲ? ನಮ್ಮ ಕಡೆಯವರು ಎಣಿಸಲು ಶುರು ಮಾಡುವುದೇ ಅಲ್ಲಿಂದ.

---

ಪಹಣಿ ಪುರಾಣ ಬರೆದದ್ದು:

ನಾನು ಕಂದಾಯ ಇಲಾಖೆಯವನು. ಊರು ಹೇಳಲ್ಲ. ಮೇಷ್ಟ್ರು ಪುಸ್ತಕದ್ದು ಹೇಳಿದರು, ನಾನು ಕಾಗದದ್ದು ಹೇಳುತ್ತೇನೆ.

ಪಹಣಿಯಲ್ಲಿ ನಿಮ್ಮ ಕುಟುಂಬ ಅಂದರೆ ಮಾವ ಒಬ್ಬರೇ. ರೇಷನ್ ಕಾರ್ಡಿನಲ್ಲಿ 12 ಜನ, ಮುಂದೆ ಅತ್ತೆ. ಅತ್ತೆ ಮುಂದೆ ಬಂದದ್ದು ಸುಮ್ನೆ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ತುಂಬಿದ ಹೆಂಗಸರಲ್ಲಿ ಹಿರಿಯರೇ ಕಾರ್ಡಿನ ಯಜಮಾನಿ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಆ ಯಜಮಾನಿಕೆಗೆ ತಿಂಗಳಿಗೆ 2000 ಬೆಲೆ ಬಂತು. ಕಾರ್ಡು ಬೇರೆ ಮಾಡಿಕೊಡಿ ಎಂದು ಸೊಸೆಯಂದಿರು ಬಂದು ನಿಲ್ಲುವುದನ್ನು ದಿನಾ ನೋಡುತ್ತೇನೆ. "ಒಲೆ ಬೇರೆ ಇದೆಯಾ?" ಅಂತ ಕೇಳಿದರೆ "ಇವತ್ತೇ ಬೇರೆ ಹಚ್ತೀವಿ ಬಿಡಿ ಸಾರ್" ಅಂದವರೂ ಇದ್ದಾರೆ.

ವಂಶವೃಕ್ಷ ಇನ್ನೊಂದು. ಅದರಲ್ಲಿ ಹೆಣ್ಣುಮಕ್ಕಳೂ ಬರಬೇಕು. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಅಂತ ತಿದ್ದುಪಡಿ ಆಯಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರಿಗೆ ಇರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ತಂದೆ 2005ರಲ್ಲಿ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಆದರೂ ನಮ್ಮ ಮುಂದೆ ಬಂದು ಕೂತವರು ಮೊದಲು ಗಂಡುಮಕ್ಕಳ ಹೆಸರು ಮಾತ್ರ ಹೇಳುತ್ತಾರೆ. "ಹೆಣ್ಣುಮಕ್ಕಳು?" ಅಂದರೆ, "ಅವರನ್ನ ಮದುವೆ ಮಾಡಿ ಕೊಟ್ಬಿಟ್ಟಿದೀವಿ ಸ್ವಾಮಿ." ಸಹಿ ಬೇಕಾದಾಗ ಮಾತ್ರ ಸೀರೆ ತಗೊಂಡು ಹೋಗಿ ಕರೆದುಕೊಂಡು ಬರುತ್ತಾರೆ.

ಇದೆಲ್ಲ ಸಾಲದು ಅಂತ ಸರ್ಕಾರದ ಒಂದು ತಂತ್ರಾಂಶದ ಹೆಸರೇ 'ಕುಟುಂಬ'. ಅದೂ ಹೊರಡುವುದು ರೇಷನ್ ಕಾರ್ಡಿನಿಂದಲೇ. ನಿಮ್ಮ ಪ್ರಾಜೆಕ್ಟಿನಲ್ಲಿ ಬರೆಯಿರಿ: ನಮ್ಮಲ್ಲಿ ಕಾಗದಕ್ಕೊಂದು ಕುಟುಂಬ.

---

ಲಗ್ಗೆರೆ ಅಲ್ಲ ಕೆಂಗೇರಿ ಬರೆದದ್ದು:

ನಾನು ನಿಮ್ಮ ಮೈದುನನ ಥರದವನು. ಊರು ಪಾಂಡವಪುರ ಕಡೆ. ಬೆಂಗಳೂರಿಗೆ ಬಂದು 16 ವರ್ಷ ಆಯಿತು. ನನ್ನನ್ನು ವಿಭಕ್ತ ಅಂತ ಬರೆಯುವ ಮೊದಲು ನಮ್ಮ ಮನೆ ಬಾಲ್ಕನಿ ನೋಡಿ. ಊರಿನ ರಾಗಿ ಚೀಲ, ತೆಂಗಿನಕಾಯಿ, ಡಬ್ಬಿ ತುಂಬ ಅಮ್ಮ ಮಾಡಿಕೊಟ್ಟ ಸಾರಿನ ಪುಡಿ. ಈ ಕಡೆಯಿಂದ ಹೋಗುವುದು ದುಡ್ಡು: ಬೋರ್‌ವೆಲ್ ಮೋಟಾರು ಸುಟ್ಟಾಗ, ಅಪ್ಪನ ಕಣ್ಣಿನ ಆಪರೇಷನ್ನಿಗೆ, ಅಣ್ಣನ ಮಗಳ ಹಾಸ್ಟೆಲ್ ಫೀಸಿಗೆ. ಇದಕ್ಕೆಲ್ಲ ಲೆಕ್ಕ ಇಟ್ಟಿಲ್ಲ. ಇಟ್ಟರೆ ಅವತ್ತೇ ಭಾಗ ಆಗುತ್ತೆ.

ಆದರೆ ನನ್ನ ಹೆಂಡತಿಗೆ ಇದೇ ಪ್ರಶ್ನೆ ಕೇಳಬೇಡಿ. ಅವಳ ಹತ್ತಿರ ಲೆಕ್ಕ ಇದೆ.

---

ಕಬ್ಬಿನಗದ್ದೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಎಡೆ ಒಂದೇ ಕಡೆ. ಪಿತೃಪಕ್ಷದಲ್ಲಿ ಪಡಸಾಲೆಯ ಮೂಲೆಯಲ್ಲಿ ಹಿರಿಯರಿಗೆ ಹೊಸ ಪಂಚೆ, ಸೀರೆ ಇಟ್ಟು ಮಾವ ಎಡೆ ಹಾಕುತ್ತಾರೆ. ಮಾಂಸದ ಸಾರು ಅಕ್ಕನ ಒಲೆಯದು. ಕಜ್ಜಾಯ, ವಡೆ ನನ್ನ ಒಲೆಯದು. ಮೈದುನ ಬೆಂಗಳೂರಿನಿಂದ ಎಲೆ, ಹೂವು, ಹಣ್ಣು ತರುತ್ತಾನೆ. ಅವತ್ತು ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ಸೂತಕ ಬಂದರೂ ಎರಡು ಒಲೆಗೂ ಬರುತ್ತೆ, ಲಗ್ಗೆರೆಗೂ ಹೋಗುತ್ತೆ. ಸಾವಿಗೆ ಒಲೆ ಬೇರೆ ಆಗಿರೋದು ಗೊತ್ತಿಲ್ಲ.

ಬೆಳ್ತಂಗಡಿ ತಂಗೀ, ನೀನು ಕೇಳಿದ ಮೇಲೆ ಒಂದು ಗಳಿಗೆ ಸುಮ್ಮನೆ ಕೂತುಬಿಟ್ಟೆ. ನಾದಿನಿ ಇದ್ದಾಳೆ, ಚನ್ನಪಟ್ಟಣಕ್ಕೆ ಕೊಟ್ಟಿದೆ. ನನಗೆ ಅವಳೆಂದರೆ ಪ್ರಾಣ. ಆದರೂ ಬರೆಯುವಾಗ ನೆನಪಾಗಲಿಲ್ಲ. ಮಾವ ಮರೆತಿದ್ದರೆ ಬೈಯುತ್ತಿದ್ದೆ. ಮರೆತವಳು ನಾನು. ನಾನೂ ಒಂದು ಮನೆಯಿಂದ ಕೊಟ್ಟು ಬಂದವಳೇ.

ಈಗ ಏನು ಮಾಡಲಿ? 30 ಮನೆಗೂ ಒಲೆ, ಪಹಣಿ, ಎಡೆ ಮೂರನ್ನೂ ಕೇಳಲಾ?

---

ಹಳೇ ಮೇಷ್ಟ್ರು ಬರೆದದ್ದು:

ಕೇಳಿ. ಆದರೆ ಒಂದು ಬದಲಾವಣೆ. ಫಾರಂ ಹಿಡಿದು ಹೋದರೆ ಯಜಮಾನನೇ ಉತ್ತರ ಹೇಳುತ್ತಾನೆ, ಉಳಿದವರು ಬಾಗಿಲ ಹಿಂದೆ ನಿಲ್ಲುತ್ತಾರೆ. ಒಂದೊಂದು ಮನೆಯಲ್ಲೂ ಒಬ್ಬೊಬ್ಬರನ್ನೇ ಬೇರೆ ಬೇರೆ ಸಿಕ್ಕಾಗ ಕೇಳಿ. 30 ಮನೆ ಆಗದಿದ್ದರೆ 12 ಸಾಕು. ನಿಮಗೆ ಆ ಅನುಕೂಲ ಇದೆ. ಅಂಗನವಾಡಿ ಟೀಚರ್ ಅಡಿಗೆಮನೆವರೆಗೂ ಹೋಗಬಹುದು. ನಾನು ಹೋದರೆ ಜಗಲಿಯಲ್ಲಿ ಕಾಫಿ ಕೊಟ್ಟು ಕಳಿಸುತ್ತಾರೆ.

ಕುಟುಂಬ ಅನ್ನುವ ಪದ ಬಳಸಬೇಡಿ. ನಮ್ಮ ಕಡೆ ಹಳೇ ಗಂಡಸರಿಗೆ ಕುಟುಂಬ ಅಂದರೆ ಹೆಂಡತಿ. "ನಮ್ಮ ಕುಟುಂಬಕ್ಕೆ ಹುಷಾರಿಲ್ಲ" ಅನ್ನುತ್ತಿದ್ದರು. ಸಂಸಾರ ಅಂದರೂ ಅದೇ. "ನಿಮ್ಮನೇಲಿ ಎಷ್ಟು ಜನ?" ಅಂತಷ್ಟೇ ಕೇಳಿ ಬಾಯಿ ಮುಚ್ಚಿಕೊಳ್ಳಿ. ಅವರು ಯಾರಿಂದ ಎಣಿಸಲು ಶುರು ಮಾಡುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಬರೆದುಕೊಳ್ಳಿ. ತಪ್ಪು ತಿದ್ದಲು ಹೋಗಬೇಡಿ.

---

ಕಬ್ಬಿನಗದ್ದೆ ಬರೆದದ್ದು (ಎರಡು ವಾರ ಬಿಟ್ಟು):

ಮೇಷ್ಟ್ರೇ, ಊರಿನವರ ಮನೆಗೆ ಹೋಗುವ ಮೊದಲು ನಮ್ಮ ಮನೆಯಲ್ಲೇ ಮಾಡಿದೆ. ಹೀಗಾಯಿತು.

ಮಾವನನ್ನು ಗದ್ದೆ ಬದುವಿನ ಮೇಲೆ ಕೇಳಿದೆ. "ನಿಮ್ಮನೇಲಿ ಎಷ್ಟು ಜನ ಮಾವ?" ಕೈ ಕೊಡವಿಕೊಂಡು "ಆರು" ಅಂದರು. ಅವರು, ಮೂರು ಗಂಡುಮಕ್ಕಳು, ಇಬ್ಬರು ಗಂಡು ಮೊಮ್ಮಕ್ಕಳು. ಅವರು ಎಣಿಸಿದ್ದು ಪಾಲು ಅಂತ ಆಮೇಲೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟ ಆಯಿತು.

ಭಾವ "ಹನ್ನೆರಡು" ಅಂದರು, ಕಣ್ಣೆತ್ತದೆ. ರೇಷನ್ ಕಾರ್ಡಿನ ಲೆಕ್ಕ.

ಅಕ್ಕನನ್ನು ಕೇಳಿದ್ದು ಅವರು ರಾಗಿ ಬೀಸಿಸಿಕೊಂಡು ಬರುವಾಗ, ಮಿಲ್ಲಿನ ಹತ್ತಿರ. "ಐದು" ಅಂದರು. ಅವರು ನಾಲ್ಕು, ಜೊತೆಗೆ ಮಾವ. ಮುದ್ದೆಯ ಲೆಕ್ಕ ಅದು. ಆಮೇಲೆ ಅವರೇ ನಿಂತು, "ನಿಮ್ಮನೇಲಿ ನಾಲ್ಕು ಅಲ್ವಾ?" ಅಂದರು. ನಿಮ್ಮನೇಲಿ! ಒಂದೇ ತಲೆಬಾಗಿಲು ನಮಗೆ. ನಾನೂ "ಹೂಂ ಅಕ್ಕ, ನಾಲ್ಕು" ಅಂದೆ. ದಾರಿಯುದ್ದಕ್ಕೂ ಇಬ್ಬರೂ ಒಂದೇ ಚೀಲ ಆ ಕಡೆ ಈ ಕಡೆ ಹಿಡಿದುಕೊಂಡು ಬಂದೆವು. ಒಲೆ ಬೇರೆ ಆದ ಮೇಲೆ ಅವತ್ತೇ ಮೊದಲು ಅವರು ಆ ಎರಡು ವರ್ಷದ ಬಗ್ಗೆ ಮಾತಾಡಿದ್ದು. ಏನು ಹೇಳಿದರು ಅನ್ನೋದು ಪ್ರಾಜೆಕ್ಟಿಗೆ ಬೇಡ.

ಮೈದುನನಿಗೆ ಫೋನ್ ಮಾಡಿದೆ. "ಮೂರು" ಅಂದ. ಅರ್ಧ ನಿಮಿಷ ಬಿಟ್ಟು, "ಅತ್ತಿಗೆ, ಊರಿಂದು ಕೇಳಿದ್ರಾ?" ಅಂದ. ಹಿಂದೆ ಅವನ ಹೆಂಡತಿ, "ಮೂರೇ ಅಂತ ಬರ್ಕೊಳ್ಳಿ ಅಕ್ಕಾ" ಅಂದದ್ದು ಕೇಳಿಸಿತು.

ಅತ್ತೆಯನ್ನು ಕೇಳಿದ್ದು ರಾತ್ರಿ, ಎಲೆ ಅಡಿಕೆ ಹಾಕಿಕೊಳ್ಳುವಾಗ. ಬೆರಳು ಮಡಚುತ್ತಾ ಹೆಸರು ಹೇಳುತ್ತಾ ಹೋದರು. ಮಾವನಿಂದ ಶುರು. ಆಮೇಲೆ ದೊಡ್ಡ ಮಗನಲ್ಲ, ನಾದಿನಿ! ಅವಳ ಎರಡು ಮಕ್ಕಳು. ಅಳಿಯನನ್ನು ಬಿಟ್ಟರು. ಆಮೇಲೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಕೊನೆಗೆ "ಹದಿನಾಲ್ಕು" ಅಂದರು. ನನಗೆ ಲೆಕ್ಕ ಕೂಡಲಿಲ್ಲ. ನಮ್ಮ 12, ನಾದಿನಿ ಮತ್ತು ಮಕ್ಕಳು 3, ಒಟ್ಟು 15 ಬರಬೇಕು. ಇನ್ನೊಂದು ಸಲ ಎಣಿಸಿ ಅಂದೆ. ಮತ್ತೆ 14. ಬಿಟ್ಟು ಹೋಗಿದ್ದು ಅವರೇ. ಮೇಷ್ಟ್ರೇ, ತಿದ್ದಬೇಡಿ ಅಂದಿದ್ದಿರಿ, ಆದರೂ ಬಾಯಿ ತಡೆಯಲಿಲ್ಲ. "ನಿಮ್ಮನ್ನೇ ಬಿಟ್ರಲ್ಲ ಅತ್ತೆ" ಅಂದೆ. "ತಟ್ಟೆ ಎಣಿಸುವಾಗ ನಂದು ಎಣಿಸ್ತೀನಾ? ನಾನು ಆಮೇಲೆ ಉಣ್ಣೋಳು" ಅಂದರು. ಈಗ ಅವರು ಬಡಿಸುವುದೂ ಇಲ್ಲ, ನಾನೇ ಬಡಿಸಿ ಕೊಡುವುದು. ಆದರೂ ಲೆಕ್ಕ ಹಳೇದೇ.

ಕೊನೆಗೆ ನಾದಿನಿಗೆ ಫೋನ್ ಮಾಡಿದೆ. "ನಿಮ್ಮನೇಲಿ ಎಷ್ಟು ಜನ?" ಅವಳು ಕೇಳಿದಳು, "ಯಾವ ಮನೇಲಿ ಅತ್ತಿಗೆ?"

ಅದನ್ನು ಹಾಗೇ ಬರೆದುಕೊಂಡೆ. ಕಂದಾಯದ ಅಣ್ಣಾ, ಹೋದ ವರ್ಷ ಮಾವ ವಂಶವೃಕ್ಷ ಮಾಡಿಸಿದ್ದರು. ತೆಗೆದು ನೋಡಿದೆ. ಅದರಲ್ಲಿ ಅವಳ ಹೆಸರಿದೆ. ರೇಷನ್ ಕಾರ್ಡಿನಲ್ಲಿ ಇಲ್ಲ. ಅವಳಿಗೆ ಹೇಳಿದೆ, "ನಿನ್ನ ಹೆಸರು ಇದೆ ಕಣೇ." "ಸಹಿ ಯಾವಾಗ ಹಾಕ್ಬೇಕಂತೆ?" ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಗೈಡ್ ಸರ್‌ಗೆ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "12 ಮನೆ ಮಾಡಿ, ಆದರೆ ಟೇಬಲ್ ಬೇಕೇ ಬೇಕು" ಅಂದರು. ಈಗ ಒಂದೊಂದು ಮನೆಗೆ ಏಳೆಂಟು ಉತ್ತರ ಬರುತ್ತೆ. ಎಡಗಡೆ ಮನೆ ಬರೆಯಲಾ, ಉತ್ತರ ಹೇಳಿದವರನ್ನು ಬರೆಯಲಾ? ನಾದಿನಿಯದು ಸಂಖ್ಯೆಯೇ ಅಲ್ಲ, ಆ ಕಾಲಂನಲ್ಲಿ ಏನು ಹಾಕಲಿ? ಎಕ್ಸೆಲ್ ಗೊತ್ತಿರುವವರು ಯಾರಾದರೂ ಹೇಳಿ.

---

ಹಳೇ ಮೇಷ್ಟ್ರು ಬರೆದದ್ದು:

ಎಕ್ಸೆಲ್ ಆಮೇಲೆ. ಲೆಕ್ಕದ ಪುಸ್ತಕ ಅಡ್ಡ ಹಿಡಿದು ಪೆನ್ಸಿಲಲ್ಲಿ ಗೆರೆ ಹಾಕಿ. ಎಡಗಡೆ ಹೇಳಿದವರನ್ನೇ ಬರೆಯಿರಿ. ನಾದಿನಿಯ ಕಾಲಂನಲ್ಲಿ ಅವಳ ಪ್ರಶ್ನೆಯನ್ನೇ ಬರೆಯಿರಿ. ಜಾಗ ಸಾಲದಿದ್ದರೆ ಕಾಲಂ ಅಗಲ ಮಾಡಿ.

ನಿಮ್ಮದು ಎಷ್ಟು ಅಂದಿರಿ? ಅಕ್ಕನಿಗೆ ಹೇಳಿದ ನಾಲ್ಕನ್ನೇ ಬರೆಯುತ್ತೀರಾ?

---

ಕಬ್ಬಿನಗದ್ದೆ ಬರೆದದ್ದು:

ಅವತ್ತು ಚೀಲ ಭಾರ ಇತ್ತು ಮೇಷ್ಟ್ರೇ, ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಪೆನ್ಸಿಲಲ್ಲೇ ಬರೆದಿದ್ದೇನೆ.